ಮಿಸ್ ಟ್ರಾಸ್ಕ್ ಅವರ ಸರದಿ

ಅಮೆರಿಕದ ನಮ್ಮ ಪಿಯೋರಿಯಾದಲ್ಲಿ ಪ್ರತಿವರ್ಷ ಅಕ್ಟೋಬರಿನ ಒಂದು ಭಾನುವಾರ, ಊರಿನ ಗತಿಸಿದ ಗಣ್ಯರ ವೇಷ ತೊಟ್ಟು, ಅವರವರ ಸಮಾಧಿಯ ಪಕ್ಕದಲ್ಲೇ ನಿಂತು ಅವರ ಕಥೆ ಹೇಳುತ್ತೇವೆ. ಡೈರಿಯಲ್ಲಿ ಮಾತ್ರ ಬಾಯಿ ಬಿಡುವ ನಾನು ಒಂದು ಸಲ ಪಿಯಾನೊ ಟೀಚರ್ ಆಡಲೀನ್ ಟ್ರಾಸ್ಕ್ ಆಗಲು ಒಪ್ಪಿದ್ದು ಅಜ್ಜಿಗಾಗಿ. ಅಜ್ಜಿ ಚಿಕ್ಕಂದಿನಲ್ಲಿ ಅವರ ಶಿಷ್ಯೆ. "ಇನ್ನೊಂದ್ಸಲ ಮಿಸ್ ಮಾತು ಕೇಳ್ಬಿಟ್ರೆ ಸಾಕು ಕಣೇ ಪುಟ್ಟಿ" ಎಂದಿದ್ದಳು.

ಮಟಮಟ ಮಧ್ಯಾಹ್ನ. ಎದುರಿನ ಕುರ್ಚಿಗಳಲ್ಲಿ ಮಿಸ್ ಟ್ರಾಸ್ಕ್ ಅವರ ಹಳೆಯ ಶಿಷ್ಯರು. ನನಗೆ ಒಂದು ಸಾಲೂ ನೆನಪಾಗಲಿಲ್ಲ. ಅಂಥ ಬಿಸಿಲಿನಲ್ಲೂ ಸಮಾಧಿಯ ಕಡೆಗಿದ್ದ ಭುಜ ಮಾತ್ರ ತಣ್ಣಗಾಯಿತು. ಎಲ್ಲಿಂದಲೋ ಪುದೀನಾ ಮಿಠಾಯಿಯ ವಾಸನೆ. ಐದು ನಿಮಿಷ ಮೂಕಿಯಂತೆ ನಿಂತು ತಲೆ ತಗ್ಗಿಸಿದೆ. ಚಪ್ಪಾಳೆ ಬಿತ್ತು.

"ಮಾನ ಹೋಯ್ತು ಅಜ್ಜಿ."

"ಸಾಕು ಮಾಡೇ ನಿನ್ ಬಿಂಕ! 'ಬೆನ್ನು ನೆಟ್ಟಗೆ, ಮಣಿಕಟ್ಟು ಮೇಲೆ' ಅಂತ ಅವ್ರು ಗದರೋ ದನಿ ಹಾಗ್‌ಹಾಗೇ ತಂದ್ಯಲ್ಲ. ನನ್ನನ್ನ ಗುಬ್ಬಿ ಅಂತ ಕರೀತಿದ್ರು ಅಂತ ನಿಂಗ್ಯಾರು ಹೇಳಿದ್ರು? ನಿಮ್ ತಾತಂಗೂ ನಾನು ಹೇಳಿರ್ಲಿಲ್ಲ."

ಅಜ್ಜಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಬಾಯೇ ಬಿಡಲಿಲ್ಲ ಎನ್ನಲು ಮನಸ್ಸಾಗಲಿಲ್ಲ.

ಅಕ್ಕ ತೆಗೆದ ವಿಡಿಯೊ ಈಗಲೂ ನನ್ನ ಬಳಿ ಇದೆ. ಹಕ್ಕಿಗಳ ಸದ್ದು ಬಿಟ್ಟರೆ ಅದರಲ್ಲಿ ಏನೂ ಕೇಳಿಸುವುದಿಲ್ಲ. ನನ್ನ ತುಟಿ ಮುಚ್ಚಿಯೇ ಇದೆ. ಮೂರನೆಯ ನಿಮಿಷದಲ್ಲಿ ಮಾತ್ರ, ಕುರ್ಚಿಗಳಲ್ಲಿದ್ದ ಮುದುಕ ಮುದುಕಿಯರೆಲ್ಲ ಒಟ್ಟಿಗೇ ಬೆನ್ನು ನೆಟ್ಟಗೆ ಮಾಡಿ, ತೊಡೆಯ ಮೇಲಿದ್ದ ಮಣಿಕಟ್ಟುಗಳನ್ನು ಮೇಲೆತ್ತುತ್ತಾರೆ.