ಪಿಂಟುವಿನ ಸೋಮವಾರ

ಕವನ ಪ್ಲಾಸ್ಟಿಕ್ ಕವರಿನ ಗಂಟು ಬಿಚ್ಚಿ, ಒಂದು ಕೋಳಿ ಮೂಳೆ ತೆಗೆದು ಪಿಂಟುವಿನ ಮುಂದೆ ಎಸೆದಳು. ಎಸೆದವಳೇ ಗೇಟಿನ ಕಡೆ ಓಟ ಕಿತ್ತಳು. ಹೊರಗೆ ಹೋಗಿ ಗೇಟಿನ ಚಿಲಕ ಹಾಕಿದ ಮೇಲೇ ಅವಳು ಉಸಿರು ಬಿಟ್ಟಿದ್ದು.

"ಹಾಕಿದ್ಯಾ?" ಎಂದು ಕೇಳಿದ ಮಲ್ಲಿಕ್. ಅವನು ಎದುರು ಮನೆಯ ಹುಡುಗ, ಕವನಳ ಕ್ಲಾಸ್‌ಮೇಟ್. ಶಟಲ್ ಬ್ಯಾಟು ಹಿಡಿದು ಆಗಿನಿಂದ ಕಾಯುತ್ತಿದ್ದ.

"ಹೂಂ ಕಣೋ. ವಾಪಸ್ ಬರೋವಾಗ ಹಾಕೋಕೆ ಇನ್ನೊಂದು ಇದೆ."

"ಮೂಗು ನೆಕ್ಕೊಳ್ತಾ?"

"ಎರಡು ಸಲ."

"ನೋಡ್ದ್ಯಾ! ನಾನು ಹೇಳ್ಲಿಲ್ವಾ? ಬಿರಿಯಾನಿ ಕಂಡ್ರೆ ನಾವು ತುಟಿ ಸವರ್ಕೊಳಲ್ವಾ? ಹಂಗೇ ಅದು. ಪಿಂಟುಗೆ ನೀನೇ ಬಿರಿಯಾನಿ!"

ಮಲ್ಲಿಕ್ ಹೊಟ್ಟೆ ಹಿಡಿದುಕೊಂಡು ನಕ್ಕ. ಕವನಳಿಗೆ ನಗು ಬರಲಿಲ್ಲ. ಅವನಿಗೇನು, ಅವನ ಮನೆಯಲ್ಲಿ ಇರುವುದು ಒಂದು ಬೆಕ್ಕು.

ಕವನಳ ಮನೆಯವರು ಭದ್ರಾವತಿಯ ಜನ್ನಾಪುರದ ಈ ಬಾಡಿಗೆ ಮನೆಗೆ ಬಂದು ಎರಡು ತಿಂಗಳಾಗಿತ್ತು. ಮುಂದಿನ ದೊಡ್ಡ ಮನೆ ಓನರ್ ಜಗದಾಂಬಾ ಅಜ್ಜಿಯದು, ಹಿಂದಿನ ಚಿಕ್ಕ ಮನೆ ಇವರದು. ಹಿಂದಿನಿಂದ ಗೇಟಿಗೆ ಬರಲು ಗೋಡೆ ಪಕ್ಕದ ಓಣಿಯೊಂದೇ ದಾರಿ. ಆ ಓಣಿಯ ನಟ್ಟ ನಡುವೆ ಅಜ್ಜಿಯ ಕಂದು ಬಣ್ಣದ ನಾಯಿ ಪಿಂಟು ಮಲಗಿರುತ್ತಿತ್ತು. ಅಷ್ಟು ದೊಡ್ಡ ಕಾಂಪೌಂಡಿನಲ್ಲಿ ಅದಕ್ಕೆ ಬೇರೆ ಜಾಗವೇ ಇರಲಿಲ್ಲವೇ ಎಂದು ಕೇಳಬೇಡಿ. ಬೇಕಾದಷ್ಟಿತ್ತು. ಅದಕ್ಕೆ ಅಲ್ಲೇ ಇಷ್ಟ.

ಕವನ ಓಣಿಗೆ ಕಾಲಿಟ್ಟರೆ ಸಾಕು, ಪಿಂಟು ಎದ್ದು ನಿಲ್ಲುತ್ತಿತ್ತು. ನಾಲಿಗೆ ಚಾಚಿ ಮೂಗನ್ನು ಸರಕ್ಕನೆ ನೆಕ್ಕಿಕೊಳ್ಳುತ್ತಿತ್ತು. ಮುಖವನ್ನು ಪಕ್ಕಕ್ಕೆ ತಿರುಗಿಸಿ, ಓರೆಗಣ್ಣಿನಲ್ಲಿ ನೋಡಿ, ಮತ್ತೊಮ್ಮೆ ನೆಕ್ಕಿಕೊಳ್ಳುತ್ತಿತ್ತು. ಕವನ ಗೋಡೆಗೆ ಅಂಟಿಕೊಂಡು ನಿಂತುಬಿಡುತ್ತಿದ್ದಳು. ಅಮ್ಮನಿಗೆ ಹೇಳಿದರೆ "ಅದು ಏನೂ ಮಾಡಲ್ಲ ಹೋಗೇ" ಎಂದುಬಿಡುತ್ತಿದ್ದಳು. ಕೊನೆಗೆ ಮೂಳೆಯ ಐಡಿಯಾ ಕೊಟ್ಟವನು ಮಲ್ಲಿಕ್.

ಆ ಐಡಿಯಾದಲ್ಲಿ ಒಂದು ಭಯಂಕರ ತೊಂದರೆ ಇತ್ತು. ಮನೆ ಬಾಡಿಗೆಗೆ ಕೊಡುವಾಗ ಜಗದಾಂಬಾ ಅಜ್ಜಿ ಅಮ್ಮನಿಗೆ ಒಂದೇ ಒಂದು ಮಾತು ಹೇಳಿದ್ದರು.

"ನೋಡಮ್ಮ ಶೀಲಾ, ನಿಮ್ಮ ಅಡುಗೆಮನೇಲಿ ಏನು ಬೇಕಾದ್ರೂ ಮಾಡ್ಕೊಳ್ಳಿ, ನಾನು ಕೇಳಲ್ಲ. ನಮ್ಮ ಕಾಂಪೌಂಡಲ್ಲಿ ಒಂದು ಮೂಳೆ ಬಿತ್ತೋ, ನೀವು ಬೇರೆ ಮನೆ ನೋಡ್ಕೋಬೇಕಾಗುತ್ತೆ."

ಅಜ್ಜಿಯ ಮನೆಗೆ ಮೊಟ್ಟೆಗೂ ಪ್ರವೇಶವಿಲ್ಲ. ಪಿಂಟುವಿಗೂ ಹಾಲನ್ನ, ಚಪಾತಿ, ಹಬ್ಬದಲ್ಲಿ ಹೋಳಿಗೆ. ಈ ಮನೆ ಸಿಗುವ ಮುಂಚೆ ಅಪ್ಪ ಅಮ್ಮ ಬೀದಿ ಬೀದಿ ಅಲೆದಿದ್ದರು. ಅದಕ್ಕೇ ಅಮ್ಮ ಭಾನುವಾರದ ಮೂಳೆಗಳನ್ನೆಲ್ಲ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಕಸದ ಗಾಡಿಗೆ ಕೊಡುತ್ತಿದ್ದಳು. ಆ ಕವರು ವಾರ ವಾರ ತೆಳ್ಳಗಾಗುತ್ತಿದ್ದುದು ಅವಳಿಗೆ ಗೊತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಕವನ ಯೂನಿಫಾರ್ಮ್ ಹಾಕಿಕೊಂಡು ಓಣಿಯೊಳಗೆ ಇಣುಕಿದಳು. ಪಿಂಟು ಏಳಲಿಲ್ಲ. ಗೋಡೆಗೆ ಮುಖ ಮಾಡಿ ಕೂತು ಮೂಗು ನೆಕ್ಕಿಕೊಳ್ಳುತ್ತಿತ್ತು. ಒಂದು ಸಲ, ಎರಡು ಸಲ ಅಲ್ಲ. ನಿಲ್ಲಿಸುವ ಹಾಗೇ ಕಾಣಲಿಲ್ಲ. ನಡುನಡುವೆ ಮುಂಗಾಲಿನಿಂದ ಬಾಯಿ ಉಜ್ಜಿಕೊಳ್ಳುತ್ತಿತ್ತು. ಜೊಲ್ಲು ದಾರದ ಹಾಗೆ ಇಳಿದು ಸಿಮೆಂಟಿನ ಮೇಲೆ ಒದ್ದೆ ಮಾಡಿತ್ತು.

ಕವನ ಪಕ್ಕದಲ್ಲೇ ದಾಟಿ ಹೋದರೂ ಅದು ಅವಳ ಕಡೆ ನೋಡಲಿಲ್ಲ. ಇಷ್ಟು ದಿನ ಅವಳು ಬೇಡಿಕೊಂಡಿದ್ದು ಅದನ್ನೇ. ಆದರೂ ಎರಡು ಸಲ ತಿರುಗಿ ನೋಡಿದಳು.

ಹೂ ಬಿಡಿಸುತ್ತಿದ್ದ ಅಜ್ಜಿ ಖುಷಿಯಿಂದ ಕರೆದರು. "ಕವನಾ, ಬಾ ಇಲ್ಲಿ, ಒಂದು ಸೋಜಿಗ ನೋಡು! ಇವತ್ತು ಸೋಮವಾರ, ನನ್ನ ಉಪವಾಸ. ಪಿಂಟುನೂ ಹಾಲನ್ನ ಮುಟ್ಟಿಲ್ಲ ಕಣೇ! ಹೋದ ಜನ್ಮದಲ್ಲಿ ಎಂಥಾ ಶಿವಭಕ್ತ ಆಗಿತ್ತೋ ಏನೋ."

"ಅಜ್ಜಿ, ಅದು ಮೂಗು ನೆಕ್ಕೊಳ್ತಾನೇ ಇದೆ..."

"ನಾಯಿ ಅಂದ್ಮೇಲೆ ಮೂಗು ನೆಕ್ಕೊಳ್ದೆ ಇನ್ನೇನು ಮಾಡುತ್ತೆ ಮಾರಾಯ್ತಿ? ಹೋಗು, ಬಸ್ ತಪ್ಪುತ್ತೆ."

ಶಾಲೆಯಲ್ಲಿ ಕವನಳಿಗೆ ಕೂತರೆ ಕೂರಲಾಗಲಿಲ್ಲ, ನಿಂತರೆ ನಿಲ್ಲಲಾಗಲಿಲ್ಲ. ಲೆಕ್ಕದ ಮಿಸ್ ಕೇಳಿದ ಪ್ರಶ್ನೆಗೆ ಪಕ್ಕದವಳ ಉತ್ತರವನ್ನೇ ಹೇಳಿ ಬೈಸಿಕೊಂಡಳು. ಊಟದ ಬಿಡುವಿನಲ್ಲಿ ಮಲ್ಲಿಕ್‌ನನ್ನು ಮೂಲೆಗೆ ಎಳೆದಳು.

"ಮೂಳೆ ಸಿಕ್ಕಾಕೊಂಡಿರುತ್ತೆ ಕಣೋ. ಅಜ್ಜಿಗೆ ಹೇಳ್ಲಾ?"

ಮಲ್ಲಿಕ್‌ನ ಕಣ್ಣು ಅಗಲವಾಯಿತು. "ಹುಚ್ಚಾ ನಿಂಗೆ? ಮನೆ ಬಿಡಿಸ್ತಾರೆ! ಸುಮ್ನಿರು. ಸಂಜೆ ಹೊತ್ತಿಗೆ ಅದೇ ಸರಿ ಹೋಗುತ್ತೆ."

ಸಂಜೆ ಹೊತ್ತಿಗೆ ಅದು ಸರಿ ಹೋಗಿರಲಿಲ್ಲ. ಪೂಜೆ ಮುಗಿಸಿ ಉಪವಾಸ ಬಿಟ್ಟ ಅಜ್ಜಿ, ಅವಲಕ್ಕಿಗೆ ಬಾಳೆಹಣ್ಣು ಕಲಸಿ ಪಿಂಟುವಿನ ಮುಂದೆ ಇಟ್ಟರು. ಪಿಂಟು ಆಸೆಯಿಂದ ಬಾಯಿ ಹಾಕಿತು. ಕುಂಯ್ ಎಂದು ಹಿಂದಕ್ಕೆ ಸರಿಯಿತು. ಮತ್ತೆ ನೆಕ್ಕಿಕೊಳ್ಳಲು ಶುರು.

"ಬಿಸಿಲಿಗೆ ಇರ್ಬೇಕಮ್ಮ," ಎಂದರು ಅಜ್ಜಿಯ ಮಗ ವೀರೇಂದ್ರ. ಆಗತಾನೇ ಕೆಲಸದಿಂದ ಬಂದು ಶೂ ಬಿಚ್ಚುತ್ತಿದ್ದರು. "ನಾಳೆ ನೋಡೋಣ ಬಿಡು."

ನಾಳೆ! ಕವನ ಶಾಲೆಯ ಬ್ಯಾಗನ್ನೂ ಇಳಿಸದೆ ಓಣಿಯಲ್ಲೇ ನಿಂತಿದ್ದಳು. ಆ ನಾಯಿ ದಿನಾ ಎಷ್ಟು ಸಲ ಮೂಗು ನೆಕ್ಕಿಕೊಳ್ಳುತ್ತದೆ, ಯಾವಾಗ ನೆಕ್ಕಿಕೊಳ್ಳುತ್ತದೆ ಎಂದು ಈ ಮನೆಯಲ್ಲಿ ಯಾರೂ ನೋಡಿದವರಲ್ಲ. ಹೆದರಿ ಹೆದರಿ ನೋಡಿದವಳು ಅವಳೊಬ್ಬಳೇ. ಇದು ದಿನದ ನೆಕ್ಕುವಿಕೆ ಅಲ್ಲವೇ ಅಲ್ಲ. ಹೇಳಿದರೆ ಮನೆ ಹೋಗುತ್ತದೆ. ಹೇಳದಿದ್ದರೆ ಪಿಂಟು... ಅವಳಿಗೆ ಓಡಿ ಹೋಗಿ ಹೊದ್ದು ಮಲಗಿಬಿಡೋಣ ಎನ್ನಿಸಿತು.

"ಅಜ್ಜಿ, ಅದು ಉಪವಾಸ ಅಲ್ಲ. ಅದರ ಬಾಯಲ್ಲಿ ಮೂಳೆ ಇದೆ."

"ಮೂಳೆನಾ? ಶಿವ ಶಿವಾ! ನಮ್ಮನೇಲಿ ಮೂಳೆ ಎಲ್ಲಿಂದ ಬರ್ಬೇಕು?"

"ನಾನು ಹಾಕ್ದೆ. ನಿನ್ನೆ. ನಂಗೆ ಅದನ್ನ ಕಂಡ್ರೆ ಹೆದರಿಕೆ ಆಗ್ತಿತ್ತು... ಮೂಳೆ ಹಾಕಿದ್ರೆ ದಾರಿ ಬಿಡುತ್ತೆ ಅಂತ..."

ಅಷ್ಟರಲ್ಲಿ ಅಳು ಬಂತು. ಓಣಿಯ ಆ ತುದಿಯಲ್ಲಿ ಬಕೆಟ್ ಕುಕ್ಕಿದ ಸದ್ದಾಯಿತು. ಅಮ್ಮ ನಿಂತಿದ್ದಳು. ಅವಳ ಮುಖ ನೋಡಲು ಕವನಳಿಗೆ ಧೈರ್ಯ ಸಾಲಲಿಲ್ಲ.

ಅಜ್ಜಿ ಅವಳನ್ನೇ ದಿಟ್ಟಿಸಿ ನೋಡಿದರು. ಬೈಯಲಿಲ್ಲ. ಬೈದಿದ್ದರೇ ವಾಸಿಯಾಗಿತ್ತು.

"ವೀರೇಂದ್ರ, ಕಾರು ತೆಗಿ," ಎಂದರು. "ಶಿವಮೊಗ್ಗದಲ್ಲಿ ಆ ನಾಯಿ ಡಾಕ್ಟ್ರು ಇನ್ನೂ ಇರ್ತಾರೆ. ಶೀಲಾ, ಇವಳನ್ನ ಕರ್ಕೊಂಡು ನೀನೂ ಹತ್ತು. ಏನು ಹಾಕಿದ್ಳು ಅಂತ ಇವಳೇ ಹೇಳ್ಲಿ."

ಕಾರಿನ ಹಿಂದಿನ ಸೀಟಿನಲ್ಲಿ ಅಮ್ಮನ ಪಕ್ಕ ಕವನ ಎರಡೂ ಕಾಲು ಮೇಲೆತ್ತಿ ಮುದುಡಿಕೊಂಡಿದ್ದಳು, ಪಿಂಟು ಕೆಳಗೆ ಇತ್ತು. ದಾರಿಯುದ್ದಕ್ಕೂ ಅದರ ಲಚ್ ಲಚ್ ಎಂಬ ಸದ್ದು ನಿಲ್ಲಲೇ ಇಲ್ಲ. ಪ್ರತಿ ಸಿಗ್ನಲ್ಲಿನಲ್ಲೂ ಅವಳಿಗೆ ಇಳಿದು ಓಡಿಯೇ ಹೋಗೋಣ ಎನ್ನಿಸುತ್ತಿತ್ತು.

ಡಾಕ್ಟರ್ ಒಬ್ಬ ಗುಂಗುರು ಕೂದಲಿನ ಮೇಡಂ. ಕವನ ತಡವರಿಸುತ್ತಾ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. ವೀರೇಂದ್ರ ನಾಯಿಯನ್ನು ಗಟ್ಟಿಯಾಗಿ ಹಿಡಿದರು. ಮೇಡಂ ಬಾಯಿ ಅಗಲಿಸಿ ಟಾರ್ಚ್ ಬಿಟ್ಟರು.

"ಇದೆ ನೋಡಿ! ಮೇಲಿನ ಹಲ್ಲುಗಳ ಮಧ್ಯೆ, ಅಡ್ಡಕ್ಕೆ ಸಿಕ್ಕಿಕೊಂಡಿದೆ."

ಚಿಮಟ ಒಳಗೆ ಹೋಯಿತು. ಪಿಂಟು ಒದ್ದಾಡಿತು. ಕವನ ಕಣ್ಣು ಮುಚ್ಚಿಕೊಂಡಳು. ಟಣ್ ಎಂದು ಏನೋ ಸ್ಟೀಲ್ ತಟ್ಟೆಗೆ ಬಿತ್ತು. ಕಣ್ಣು ಬಿಟ್ಟರೆ, ಬೆಂಕಿಕಡ್ಡಿಗಿಂತ ತುಸು ದಪ್ಪನೆಯ ಒಂದು ಮೂಳೆ ಚೂರು. ಇಷ್ಟೇ ಇಷ್ಟು!

"ಬೇಯಿಸಿದ ಕೋಳಿ ಮೂಳೆ ಸೀಳು ಸೀಳಾಗಿ ಒಡೆಯುತ್ತೆ. ಗಂಟಲಿಗೆ ಚುಚ್ಚಿದ್ರೆ ಕಷ್ಟ ಆಗ್ತಿತ್ತು," ಎಂದರು ಮೇಡಂ. "ಬೆಳಿಗ್ಗೆಯಿಂದ ಊಟ ಬಿಟ್ಟಿತ್ತು ಅಂತೀರಿ. ಆಗಲೇ ಯಾಕೆ ತರ್ಲಿಲ್ಲ?"

ಅಜ್ಜಿ ಸೆರಗು ಸರಿಮಾಡಿಕೊಂಡರು. "ಸೋಮವಾರ ಅಲ್ವಾ ಡಾಕ್ಟ್ರೇ... ನನ್ನ ಜೊತೆ ಉಪವಾಸ ಮಾಡ್ತಿದೆ ಅಂದ್ಕೊಂಡೆ."

ಮೇಡಂ ನಗು ತಡೆಯಲಾರದೆ ಆ ಕಡೆ ತಿರುಗಿ ಕೈ ತೊಳೆದುಕೊಂಡರು. ಅಮ್ಮ ತುಟಿ ಕಚ್ಚಿಕೊಂಡಳು.

"ನಾಯಿ ಮೂಗು ನೆಕ್ಕೊಳ್ಳೋದು ಒಳ್ಳೇದೇ ಅಜ್ಜಿ. ಮೂಗು ಒದ್ದೆ ಇದ್ರೆ ವಾಸನೆ ಚೆನ್ನಾಗಿ ಸಿಗುತ್ತೆ. ತಿಂಡಿ ಕಂಡ್ರೂ ನೆಕ್ಕೊಳ್ಳುತ್ತೆ. ಆದ್ರೆ ಹೀಗೆ ಬಿಡದೆ ನೆಕ್ಕೊಳ್ತಾ ಇದ್ರೆ, ಜೊಲ್ಲು ಸುರಿದ್ರೆ, ಊಟ ಬಿಟ್ರೆ, ಬಾಯಿ ಉಜ್ಜಿಕೊಂಡ್ರೆ ಕಾಯ್ಬೇಡಿ, ಕರ್ಕೊಂಡು ಬನ್ನಿ."

ಮಾತಾಡುತ್ತಲೇ ಅವರು ಇಂಜೆಕ್ಷನ್ ಹಿಡಿದು ಹತ್ತಿರ ಬಂದರು. ಪಿಂಟು ಸರಕ್ಕನೆ ಮೂಗು ನೆಕ್ಕಿಕೊಂಡಿತು. ಮುಖ ಪಕ್ಕಕ್ಕೆ ತಿರುಗಿಸಿ, ಓರೆಗಣ್ಣಿನಲ್ಲಿ ನೋಡಿ, ಮತ್ತೊಮ್ಮೆ.

"ಮೇಡಂ! ಇನ್ನೂ ನೆಕ್ಕೊಳ್ತಿದೆ! ಇನ್ನೊಂದು ಮೂಳೆ ಇರ್ಬೇಕು!" ಎಂದು ಕವನ ಕಿರುಚಿದಳು.

"ಇಲ್ಲ ಪುಟ್ಟಾ, ಇದು ಬೇರೆ. ಮುಖ ತಿರುಗಿಸ್ತು ನೋಡು. ನನ್ನ ಕಂಡ್ರೆ ಅದಕ್ಕೆ ಭಯ. 'ನಂಗೇನೂ ಮಾಡ್ಬೇಡಿ' ಅಂತಿದೆ. ಹೊಸಬರು ಹತ್ತಿರ ಬಂದ್ರೆ ಕೆಲವು ನಾಯಿಗಳು ಹೀಗೇ ಮಾಡ್ತವೆ."

ಕವನ ಪಿಂಟುವಿನ ಮುಖವನ್ನೇ ನೋಡುತ್ತಾ ನಿಂತಳು.

ಕಾರು ಭದ್ರಾವತಿ ರಸ್ತೆಗೆ ಬಂತು. ಮುಂದಿನ ಸೀಟಿನಿಂದ ಅಜ್ಜಿ ತಿರುಗದೆಯೇ ಮಾತಾಡಿದರು. "ಶೀಲಾ."

"ಹೇಳಿ ಅಮ್ಮಾ," ಎಂದಳು ಅಮ್ಮ. ಅವಳ ಕೈ ಕವನಳ ಕೈಯನ್ನು ಬಿಗಿಯಾಗಿ ಹಿಡಿದಿತ್ತು.

"ಆ ಮೂಳೆ ಕವರನ್ನ ಇನ್ಮೇಲೆ ಎತ್ತರಕ್ಕೆ ಕಟ್ಟಿಡು. ಇವಳ ಕೈಗೆ ಸಿಗ್ದಂಗೆ."

ಅಮ್ಮನ ಕೈ ಸಡಿಲವಾಯಿತು. ಅವಳು ಜೋರಾಗಿ ಉಸಿರು ಬಿಟ್ಟದ್ದು ವೀರೇಂದ್ರರಿಗೂ ಕೇಳಿಸಿರಬೇಕು, ಅವರು ಸುಮ್ಮನೆ ಹಾರ್ನ್ ಹೊಡೆದರು.

ಕವನ ಕೆಳಗೆ ನೋಡಿದಳು. ಕಾಲ ಬಳಿ ಕೂತಿದ್ದ ಪಿಂಟು ತಲೆ ಎತ್ತಿ ಅವಳನ್ನು ನೋಡಿತು. ನಾಲಿಗೆ ಹೊರಬಂತು, ಮೂಗಿನ ಮೇಲೆ ಒಮ್ಮೆ ಆಡಿತು. ಮುಖ ಪಕ್ಕಕ್ಕೆ ತಿರುಗಿತು.

ಎರಡು ತಿಂಗಳು! ದಿನಾ ಬೆಳಿಗ್ಗೆ, ದಿನಾ ಸಂಜೆ, ಆ ಓಣಿಯಲ್ಲಿ ಅದೂ ತನ್ನನ್ನು ನೋಡಿ ನಡುಗುತ್ತಿತ್ತೇ?

ಅವಳು ತನ್ನ ಬ್ಯಾಗನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಪಿಂಟುವಿಗೆ ಜಾಗ ಮಾಡಿಕೊಟ್ಟಳು. ಆಮೇಲೆ ಅದನ್ನು ನೋಡದ ಹಾಗೆ, ಮೆಲ್ಲಗೆ ಕಿಟಕಿಯ ಕಡೆಗೆ ಮುಖ ತಿರುಗಿಸಿ ಕೂತಳು. ಹೊರಗೆ ಅಂಗಡಿಗಳ ದೀಪಗಳು ಹಿಂದೆ ಓಡುತ್ತಿದ್ದವು. ಎಷ್ಟೋ ಹೊತ್ತಾದ ಮೇಲೆ ಕಿವಿಗೊಟ್ಟು ಕೇಳಿದಳು. ಕೆಳಗಿನಿಂದ ಗೊರಕೆ ಕೇಳಿಸುತ್ತಿತ್ತು.