ಬೀರುವಿನೊಳಗಿನ ನಳಿಗೆ

ರಾಜ್ಯಗಳು ಕೈಬದಲಾಗುವುದಕ್ಕೆ, ವಂಶಗಳು ಹೋಳಾಗುವುದಕ್ಕೆ ಸಾಟಿಯಾದ ಘಟನೆಯೊಂದು ಆ ಮನೆಯಲ್ಲಿ ಬೆಳಗಿನ ಕಾಫಿಗೆ ಮುಂಚೆಯೇ ನಡೆದುಹೋಯಿತು: ಬಂದೂಕಿನ ನಳಿಗೆ ಉಜ್ಜುವ ತನ್ನ ಸಲಾಕೆಯನ್ನು ಸೊಸೆ ಅತ್ತೆಯ ಮೊಳೆಗೆ ನೇತುಹಾಕಿದ್ದಳು. ಕಾರ್ಯಾಗಾರದ ಆ ಗೋಡೆಗಿದ್ದದ್ದು ಅದೊಂದೇ ಮೊಳೆ.

"ಯಾರದಿದು?" ಎಂದಳು ಅತ್ತೆ, ಸಲಾಕೆ ಹಿಡಿಯುವವರು ಮನೆಯಲ್ಲಿ ಇನ್ನೂ ಹತ್ತು ಜನರಿದ್ದಾರೋ ಎಂಬಂತೆ.

"ನಂದೇ ಅತ್ತೆ. ಕೆಳಗಿಟ್ರೆ ಬಗ್ಗಿಹೋಗುತ್ತೆ ಅಂತ..."

"ಹಾಕಮ್ಮಾ, ಹಾಕು. ಮೊಳೆ ಒಂದು ಬಾಕಿ ಇತ್ತು. ಅದೂ ಆಯ್ತು."

ಸಾವಿರ ಮೀಟರ್ ದೂರದ ಗುರಿಹಲಗೆಗೆ ಗುಂಡು ಹೊಡೆಯುವ ಪಂದ್ಯಗಳಲ್ಲಿ ಒಂದು ಕಾಲಕ್ಕೆ ಅತ್ತೆಯನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ಹದ್ದುಗಣ್ಣಮ್ಮ’ ಎಂದರೆ ಸಾಕಿತ್ತು. ಅವಳ ಗಂಡ, ಅಂದರೆ ಸೊಸೆಯ ಮಾವ, ಉಕ್ಕಿನ ಸರಳಿಗೆ ತೂತು ಕೊರೆದು, ಒಳಗೆ ಸುರುಳಿ ಗೀರು ಎಳೆದು ನಳಿಗೆ ಮಾಡುವವನು. ಅವನು ಮಾಡಿದ್ದರೊಳಗೆ ಪುಟ್ಟ ಕ್ಯಾಮೆರಾ ತೂರಿಸಿ ನೋಡಿ ‘ಸೈ’ ಎನ್ನುವುದೋ ‘ಗುಜರಿಗೆ’ ಎನ್ನುವುದೋ ಅವಳ ಕೆಲಸ. ಆ ಮನೆಯಲ್ಲಿ ಬೇರೆ ಯಾವ ತೀರ್ಪಿಗೆ ಮೇಲ್ಮನವಿ ಇದ್ದರೂ ಇದಕ್ಕಿರಲಿಲ್ಲ. ಈಗ ಗಂಡನ ಕೈ ನಡುಗುತ್ತದೆ; ಹೊಸ ನಳಿಗೆ ಇನ್ನು ಆ ಕೈಯಿಂದ ಹುಟ್ಟುವುದಿಲ್ಲ. ಅವಳ ಬಲಭುಜದ ಕೀಲು ಹಾಳಾಗಿ, ಬಂದೂಕಿನ ಒದೆತ ಇನ್ನು ಕೂಡದು ಎಂದು ಡಾಕ್ಟರು ಹೇಳಿಯಾಗಿದೆ. ಲೇತ್, ನಳಿಗೆ ಕೂರಿಸಬಲ್ಲ ಆದರೆ ಮಾಡಲಾರದ ಮಗನ ಪಾಲಾಯಿತು; ಮೈದಾನ ಸೊಸೆಯ ಪಾಲಾಯಿತು. ಅತ್ತೆಗೆ ಉಳಿದದ್ದು ಒಂದು ಮೊಳೆ, ಮತ್ತು ಬೀರುವಿನಲ್ಲಿ ಎಣ್ಣೆಬಟ್ಟೆ ಸುತ್ತಿಟ್ಟ ಒಂದು ನಳಿಗೆ. ಕೈ ಸೋಲುವ ಮುನ್ನ ಗಂಡ ಅವಳಿಗೆಂದೇ ಮಾಡಿದ ಕೊನೆಯದು. ಒಂದು ಗುಂಡೂ ಹಾಯದ್ದು.

ಇಷ್ಟನ್ನೂ ಸಹಿಸಬಹುದಿತ್ತು. ಆದರೆ ಆ ‘ಭಲೇ’! ಮಾತು ಮುತ್ತು ಎಂಬುದನ್ನು ನಂಬಿ ಮುತ್ತನ್ನೆಲ್ಲ ಗಂಟುಕಟ್ಟಿಟ್ಟ ಮನುಷ್ಯ ಅವಳ ಗಂಡ. ದಿನಕ್ಕೆ ನಾಲ್ಕು ಉದುರಿದರೆ ಹೆಚ್ಚು. ಅವಳು ಕಪ್ಪಿನ ಮೇಲೆ ಕಪ್ಪು ಗೆದ್ದು ತಂದಾಗೆಲ್ಲ ‘ಪರವಾಗಿಲ್ಲ’ ಎಂದವನು, ಹೋದ ಬೇಸಿಗೆಯಲ್ಲಿ ಸೊಸೆ ಅಡ್ಡಗಾಳಿಯಲ್ಲಿ ನಡುಬೊಟ್ಟಿಗೆ ಹೊಡೆದಾಗ ಕುರ್ಚಿಯಿಂದೆದ್ದು ‘ಭಲೇ!’ ಎಂದುಬಿಟ್ಟ. ಎರಡೇ ಅಕ್ಷರ. ಅಂದಿನಿಂದ ಅತ್ತೆಯ ಹೊಟ್ಟೆಯೊಳಗಿನ ಕಿಚ್ಚು ಆರಿಲ್ಲ.

ಆಮೇಲೆ ಸೊಸೆಯ ಗುಂಡುಗಳು ಚದುರತೊಡಗಿದವು. ತಟ್ಟೆಯಗಲದಲ್ಲಿ ಕೂಡುತ್ತಿದ್ದಂಥವು ಕಿಟಕಿಯಗಲಕ್ಕೆ ಹರಡಿದವು. ರಾಷ್ಟ್ರ ತಂಡದ ಆಯ್ಕೆ ಹತ್ತಿರ ಬರುತ್ತಿತ್ತು. ಮಗ ಹೆಂಡತಿಯ ರೈಫಲ್ಲನ್ನು ಅಮ್ಮನ ಮುಂದೆ ತಂದಿಟ್ಟ.

"ಅಮ್ಮಾ, ಒಂದ್ಸಲ ಒಳಗೆ ನೋಡಿ ಹೇಳು. ಅಂಗಡಿ ಬ್ಯಾರೆಲ್ಲು. ಮುಗೀತಾ ಹೇಗೆ?"

ನೋಡಿದಳು. ತೋಟಾ ಕೂರುವ ಜಾಗದ ಮುಂದೆ, ಗುಂಡು ಮೊದಲು ಗೀರಿಗೆ ಕಚ್ಚುವ ಗೇಣುದ್ದವೂ ಇಲ್ಲದ ಭಾಗವನ್ನು ಕಸುಬಿನವರು ಗಂಟಲು ಎನ್ನುತ್ತಾರೆ. ಪ್ರತಿ ಹೊಡೆತದ ಬೆಂಕಿಯೂ ಮೊದಲು ಬಡಿಯುವುದು ಅಲ್ಲಿಗೇ. ಒಂದು ನಳಿಗೆಯೊಳಗೆ ಗುಂಡುಗಳು ಓಡಿದ ಹೊತ್ತನ್ನೆಲ್ಲ ಕೂಡಿಸಿದರೆ ಒಂದು ಉದ್ದನೆಯ ನಿಟ್ಟುಸಿರಿನಷ್ಟಾಗುತ್ತದೆ. ಅಷ್ಟೇ ಅದರ ಆಯುಸ್ಸು. ಸೊಸೆಯ ನಳಿಗೆಯ ಗಂಟಲು ಬತ್ತಿದ ಕೆರೆಯ ತಳದಂತೆ ಬಿರುಕುಬಿಟ್ಟಿತ್ತು, ಗೀರುಗಳ ಏಣನ್ನು ಬೆಂಕಿ ತಿಂದು ತೇಗಿತ್ತು.

"ಬ್ಯಾರೆಲ್‌ಗೇನು ಧಾಡಿ? ಗುಂಡುಕಲ್ಲಿನ ಹಾಗಿದೆ," ಎಂದಳು ಹದ್ದುಗಣ್ಣಮ್ಮ. "ಕೈ ನೋಡ್ಕೋ ಅಂತ ಹೇಳು ನಿನ್ನ ಹೆಂಡತಿಗೆ. ಹೊಗಳಿಕೆ ಜಾಸ್ತಿ ಆದ್ರೆ ಕೈ ಹಗುರ ಆಗುತ್ತೆ."

ನಿಜ ಹೇಳಿದ್ದರೆ ಏನಾಗುತ್ತಿತ್ತೆಂದು ಅವಳಿಗೆ ಗೊತ್ತಿತ್ತು. ಹೊರಗಿನಿಂದ ಹೊಸ ನಳಿಗೆ ತರಿಸುವಷ್ಟರಲ್ಲಿ ಆಯ್ಕೆ ಮುಗಿದಿರುತ್ತದೆ. ಎಲ್ಲರ ಕಣ್ಣೂ ಬೀರುವಿನತ್ತ ತಿರುಗುತ್ತದೆ. ‘ಭಲೇ’ಯೂ ಸೊಸೆಗೆ, ನಳಿಗೆಯೂ ಸೊಸೆಗೇ?

ಸೊಸೆ ನಂಬಿದಳು. ಬೆಳಿಗ್ಗೆ ಉಸಿರು ಹಿಡಿಯುವ ಅಭ್ಯಾಸ, ಸಂಜೆ ಬೆರಳಿನ ಅಭ್ಯಾಸ. ತೋಟಾಗಳನ್ನು ತಾನೇ ತುಂಬಿಕೊಳ್ಳುವವಳು. ಗುಂಡನ್ನು ತೋಟಾದ ಹಿತ್ತಾಳೆ ಚಿಪ್ಪಿನಿಂದ ಒಂದಿಷ್ಟು ಮುಂದಕ್ಕೆ ಕೂರಿಸಿದರೆ ಚದುರುವುದು ತಗ್ಗುತ್ತದೆಂದು ಕಂಡುಕೊಂಡಳು. ಮಾರನೆಯ ವಾರ ಇನ್ನಷ್ಟು ಮುಂದಕ್ಕೆ, ಅದರ ಮಾರನೆಯ ವಾರ ಮತ್ತಷ್ಟು. ಮಗ ಒಮ್ಮೆ ಬ್ಯಾರೆಲ್ಲಿನ ಮೇಲೇ ಅನುಮಾನ ಎಂದು ಗೊಣಗಿದ್ದಕ್ಕೆ, "ಅತ್ತೆ ನೋಡಿದಾರಲ್ಲ, ಇನ್ನೇನು?" ಎಂದು ಬಾಯಿ ಮುಚ್ಚಿಸಿದಳು. ಅಡುಗೆಮನೆಯಲ್ಲಿ ಅದನ್ನು ಕೇಳಿಸಿಕೊಂಡ ಅತ್ತೆಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಅದಕ್ಕೂ ಸೊಸೆಯ ಮೇಲೇ ಸಿಟ್ಟು ಬಂತು.

ಆಯ್ಕೆಗೆ ಒಂದು ವಾರವಿದೆಯೆನ್ನುವಾಗ, ಎಲ್ಲರೂ ಮಧ್ಯಾಹ್ನದ ಊಟಕ್ಕೆ ಕೂತಿದ್ದಾಗ, ಸೊಸೆ ಮೈದಾನದಿಂದ ಬಂದವಳೇ ತೋಟಾ ಡಬ್ಬಿಯನ್ನು ಮೇಜಿನ ಮೇಲಿಟ್ಟು ಕುಸಿದು ಕುಳಿತಳು.

"ನಾನು ಹೋಗಲ್ಲ ಮಾವ. ನಾಳೆ ಹೆಸರು ವಾಪಸ್ ತಗೋತೀನಿ. ನನ್ನ ಕೈ ಹೋಯ್ತು... ಇದ್ದಿದ್ದೇ ಅಷ್ಟು ಅನ್ಸುತ್ತೆ. ಅತ್ತೆ ಸರಿಯಾಗೇ ಹೇಳಿದ್ರು."

ಮಾವ ಡಬ್ಬಿಯನ್ನು ತನ್ನತ್ತ ಎಳೆದುಕೊಂಡ. ಡಬ್ಬಿಯ ಮುಚ್ಚಳ ಅರೆತೆರೆದಿತ್ತು. ನಡುಗುವ ಅಂಗೈಯಿಂದ ಒತ್ತಿದ. ಕೂರಲಿಲ್ಲ. ಮತ್ತೆ ಒತ್ತಿದ. ತೋಟಾಗಳ ಮೂತಿ ತಗಲುತ್ತಿತ್ತು. ಒಂದನ್ನು ಎತ್ತಿ ಬೆಳಕಿಗೆ ಹಿಡಿದ.

"ಉದ್ದ ಆಗಿದೆ." ಹೆಂಡತಿಯತ್ತ ತಿರುಗಿದ. "ಗಂಟಲು ಸವೆದು ಮುಂದಕ್ಕೆ ಹೋದಾಗ್ಲೇ ಗುಂಡನ್ನ ಹೀಗೆ ಅದರ ಹಿಂದೆ ಅಟ್ಟಬೇಕಾಗೋದು. ಈ ಮುಚ್ಚಳ ನಿನ್ನ ಕಣ್ಣಿಗೆ ಬಿದ್ದಿಲ್ವೇನೇ? ನೀನು ಒಳಗೆ ನೋಡಿದ್ಯಲ್ಲ?"

ನಾಲ್ಕು ದಿನದ ಮಾತು ಒಂದೇ ಉಸಿರಿಗೆ ಖರ್ಚಾಗಿತ್ತು.

"ನೋಡಿದೆ."

"ಏನು ಕಾಣ್ತು?"

"ಎಲ್ಲಾ ಕಾಣ್ತು!" ಅತ್ತೆಯ ದನಿ ಒಡೆಯಿತು. "ಸತ್ತುಹೋಗಿದೆ ಅದು. ಆವತ್ತೇ ಸತ್ತಿತ್ತು. ಸಾಕಾ? ಸುಳ್ಳು ಹೇಳಿದೆ ನಾನು... ಗೊತ್ತಿದ್ದೂ ಹೇಳಿದೆ!"

ಸೊಸೆ ಎದ್ದು ನಿಂತಳು. "ಅತ್ತೇ... ನನ್ನ ಕೈಗೆ ನಾನೇ ಎಷ್ಟು ಶಾಪ ಹಾಕ್ಕೊಂಡೆ! ಸಾರಿಗೆ ಉಪ್ಪಿಲ್ಲ ಅಂತ ಬೈದಿದ್ರೆ ಸಹಿಸ್ಕೋತಿದ್ದೆ, ಮಾತು ಬಿಟ್ಟಿದ್ರೆ ಸಹಿಸ್ಕೋತಿದ್ದೆ... ಇದನ್ನ ಯಾಕೆ ಮಾಡಿದ್ರಿ? ನಿಮ್ಮ ಕಣ್ಣನ್ನ ನನ್ನ ಕಣ್ಣಿಗಿಂತ ಹೆಚ್ಚು ನಂಬಿದ್ದೆ!"

"ಯಾಕೆ ಅಂತ ಇವರನ್ನ ಕೇಳು!" ಅತ್ತೆ ಗಂಡನ ಕಡೆ ಬೆರಳು ಮಾಡಿದಳು. "ರೀ, ಬೀರು ತುಂಬ ಕಪ್ಪು ತಂದಿಟ್ಟೆ. ಒಂದೇ ಒಂದ್ಸಲ ನನಗೆ ‘ಭಲೇ’ ಅಂದಿದ್ರಾ? ಮೊನ್ನೆ ಮೊನ್ನೆ ಬಂದವಳಿಗೆ ಅಂದ್ರಿ... ಎದ್ದು ನಿಂತು ಅಂದ್ರಿ!"

ಮಗ ಗೋಡೆ ನೋಡಿದ. ಅಂಥ ಹೊತ್ತಿನಲ್ಲಿ ಗಂಡುಮಗ ನೋಡಬಹುದಾದ ಸುರಕ್ಷಿತ ಸ್ಥಳ ಅದೊಂದೇ.

ಮಾವ ತೋಟಾವನ್ನು ಮೆಲ್ಲಗೆ ಡಬ್ಬಿಯಲ್ಲಿಟ್ಟ. "ನಿನಗೆ ಬ್ಯಾರೆಲ್ ಮಾಡಿಕೊಟ್ಟೆನಲ್ಲೇ," ಎಂದ. "ಬದುಕಿಡೀ ಅದನ್ನೇ ಮಾಡಿದೆ. ಇವಳಿಗೆ ಮಾಡಿಕೊಡೋಕೆ ಕೈ ಎಲ್ಲಿದೆ? ಬಾಯೊಂದಿತ್ತು. ಅದನ್ನ ಕೊಟ್ಟೆ."

ಅತ್ತೆ ಮುಖ ಮುಚ್ಚಿಕೊಂಡು ಅತ್ತಳು. ಯಾರೂ ಸಮಾಧಾನ ಮಾಡಲಿಲ್ಲ, ಸೊಸೆಯಂತೂ ಮಾಡಲಿಲ್ಲ. ಅತ್ತು ಮುಗಿದ ಮೇಲೆ ಎದ್ದು ಒಳಗೆ ಹೋಗಿ, ಬೀರುವಿನ ಮುಂದೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಳು. ಅಲ್ಲೇ ಇದ್ದರೆ ಆ ನಳಿಗೆ ಮೊಮ್ಮಕ್ಕಳ ಕಾಲಕ್ಕೂ ಹೊಳೆಯುತ್ತಿರುತ್ತದೆ. ಹೊರಗೆ ಬಂದರೆ ಒಂದು ನಿಟ್ಟುಸಿರಿನ ಆಯುಸ್ಸು... ಎಣ್ಣೆಬಟ್ಟೆಯ ಗಂಟನ್ನು ಮಗುವನ್ನೆತ್ತಿಕೊಂಡಂತೆ ಎತ್ತಿಕೊಂಡು ಬಂದಳು.

"ಗೋಡೆ ಕಾದಿದ್ದು ಸಾಕು," ಎಂದಳು ಮಗನಿಗೆ. "ಲೇತ್ ಹಚ್ಚು. ಇವಳ ರೈಫಲ್‌ಗೆ ಇದನ್ನ ಕೂರಿಸು."

"ಬೇಡ ಅತ್ತೆ," ಎಂದಳು ಸೊಸೆ, ಸಿಟ್ಟಿನಲ್ಲೇ. "ಸವೆದುಹೋಗುತ್ತೆ. ಮಾವನ ಕೈಯಿಂದ ಇನ್ನೊಂದು ಬರಲ್ಲ."

"ಸವೀಲಿ ಅಂತಲೇ ಮಾಡಿರೋದು ಕಣೇ. ಬೀರುನಲ್ಲಿ ಕೂತು ಅದು ಯಾರ ಮೇಲೆ ಹೊಟ್ಟೆ ಉರ್ಕೋಬೇಕು? ಆ ಕೆಲಸಕ್ಕೆ ನಾನೊಬ್ಬಳು ಸಾಲ್ದಾ?" ಅತ್ತೆ ಮೂಗೊರೆಸಿಕೊಂಡಳು. "ಆದ್ರೆ ಬ್ಯಾರೆಲ್ ಕಾದಿರೋವಾಗ ಒಂದರ ಮೇಲೊಂದು ಹೊಡೆದ್ಯೋ, ನೋಡು ಮತ್ತೆ! ಆರೋಕೆ ಬಿಡ್ಬೇಕು. ಇನ್ನೊಂದು ಮಾತು... ನಾನು ಮಾಡಿದ್ದನ್ನ ಮರೆತೆ ಅಂತ ಸುಳ್ಳು ಹೇಳಬೇಡ."

"ಹೇಳಲ್ಲ ಅತ್ತೆ," ಎಂದಳು ಸೊಸೆ. ಮರೆಯುವವಳಂತೆ ಕಾಣಲೂ ಇಲ್ಲ. ಆದರೆ ಗಂಟಿನ ಇನ್ನೊಂದು ತುದಿಯನ್ನು ಹಿಡಿದುಕೊಂಡಳು. ಅತ್ತೆಯ ಭುಜಕ್ಕೆ ಅಷ್ಟು ಭಾರ ಕೂಡದು.

ಸೊಸೆ ತಂಡದ ಕೊನೆಯ ಸ್ಥಾನಕ್ಕೆ ಆಯ್ಕೆಯಾದಳು. ಮಾವ ‘ಪರವಾಗಿಲ್ಲ’ ಎಂದ. ಕಾರ್ಯಾಗಾರದ ಗೋಡೆಗೆ ಎರಡನೆಯ ಮೊಳೆ ಹೊಡೆಯಲಾಯಿತು. ನಳಿಗೆ ಎರಡು ವರ್ಷ ಬಾಳಿತು.