ಗೋಡೆಯ ಮೇಲಿನ ಗುಬ್ಬಿ

"ನಾಳಿದ್ದು ಸಭೇಲಿ ನನ್ನ ಕೈಲಿ ಸಹಿ ಹಾಕಿಸ್ತಾರಂತೆ. ಹಾಕ್ಲಾ ಬೇಡ್ವಾ, ಅದನ್ನ ಕೇಳೋಕೆ ಬಂದೆ" ಎಂದಳು ಆಕೆ, ನಮ್ಮ ಅತ್ತಿಗೆಯ ಎದುರು ಕುರ್ಚಿಯ ತುದಿಯಲ್ಲಿ ಕೂತು.

ಆಕೆ ಯಾರೆಂದು ಊರಿಗೆಲ್ಲ ಗೊತ್ತಿತ್ತು. ದೂರವಾಣಿ ಕಚೇರಿಯಲ್ಲಿ ಕೆಲಸ, ಗಂಡ ತೀರಿಕೊಂಡಿದ್ದ, ಇದ್ದದ್ದು ಒಬ್ಬಳೇ ಮಗಳು. ಹಿಂದಿನ ವರ್ಷ ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಆ ಮಗು ಮನೆಗೆ ಬರಲಿಲ್ಲ. ಮಾರುಕಟ್ಟೆ ರಸ್ತೆಯ ಅಂಗಡಿ ಸಾಲಿನ ಹಿಂದೆ, ಬತ್ತಿಹೋದ ನೀರಿನ ತೊಟ್ಟಿಯಲ್ಲಿ ಮರುದಿನ ಅವಳ ಶವ ಸಿಕ್ಕಿತು. ಯಾರೋ ಉಸಿರು ಕಟ್ಟಿಸಿ ಕೊಂದಿದ್ದರು. ಶಾಲೆಯ ಚೀಲ ಗೊಂಬೆ ರಿಪೇರಿ ಅಂಗಡಿಯ ಹಿತ್ತಲಲ್ಲಿ ಬಿದ್ದಿತ್ತು. ಪೊಲೀಸರು ಗೊಂಬೆ ರಿಪೇರಿಯವನನ್ನು ಹಿಡಿದರು, ವಾರಗಟ್ಟಲೆ ವಿಚಾರಿಸಿದರು, ಕೊನೆಗೆ ಸಾಕ್ಷಿಯಿಲ್ಲವೆಂದು ಬಿಟ್ಟರು.

ಅಲ್ಲಿಂದ ಊರು ಎರಡು ಪಾಲಾಯಿತು. ಇನ್ಸ್‌ಪೆಕ್ಟರ್ ಲಂಚ ತಿಂದು ಕೊಲೆಗಾರನನ್ನು ಬಿಟ್ಟನೆಂದು ಒಂದು ಪತ್ರಿಕೆ ಬರೆದರೆ, ಪೊಲೀಸರ ಕಷ್ಟ ಯಾರಿಗೆ ಗೊತ್ತು ಎಂದು ಇನ್ನೊಂದು ಬರೆಯಿತು. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡವರು ಎದ್ದು ನಿಂತು ವಾದ ಮಾಡುತ್ತಿದ್ದರು. ನಮ್ಮ ಮನೆಯಲ್ಲೂ ಅದೇ ಕತೆ. ನನ್ನ ಹೆಂಡತಿ ಪೊಲೀಸರ ವಿರುದ್ಧ, ನನ್ನ ಷಡ್ಡಕ ಪೊಲೀಸರ ಪರ. ಊಟದ ತಟ್ಟೆಯ ಮುಂದೆ ಇಬ್ಬರೂ ಕಿತ್ತಾಡುವಾಗ ನಾನು ಬಾಯಿಗೆ ಬೀಗ ಹಾಕಿಕೊಂಡು ಸಾರು ಕಲಸಿಕೊಳ್ಳುತ್ತಿದ್ದೆ.

ಈ ಗದ್ದಲಕ್ಕೆ ಮುಂದಾಳು ಫೋಟೋ ಸ್ಟುಡಿಯೋದ ಯಜಮಾನ. ಆತ ನ್ಯಾಯ ಸಮಿತಿ ಕಟ್ಟಿ, ಅದರ ಅಧ್ಯಕ್ಷನಾಗಿ, ಮಗುವಿನ ಫೋಟೋ ಇರುವ ಪೋಸ್ಟರನ್ನು ಗೋಡೆಗೋಡೆಗೂ ಅಂಟಿಸಿದ್ದ. ಶಾಲೆಯ ಸಮವಸ್ತ್ರ ತೊಟ್ಟು ನಗುತ್ತಿರುವ ಮಗು; ಹಣೆಯ ಮೇಲೆ ಗಿಡ್ಡಗೆ, ನೀಟಾಗಿ ಕತ್ತರಿಸಿದ ಕೂದಲು. ಕೆಳಗೆ ದಪ್ಪಕ್ಷರದಲ್ಲಿ, "ಪೊಲೀಸರೇ, ಉತ್ತರ ಕೊಡಿ." ಗೊಂಬೆ ರಿಪೇರಿಯವನನ್ನು ಮತ್ತೆ ಬಂಧಿಸಬೇಕು, ಇನ್ಸ್‌ಪೆಕ್ಟರನ್ನು ಕೆಲಸದಿಂದ ತೆಗೆಯಬೇಕು ಎಂಬ ಬೇಡಿಕೆಗೆ ಭಾನುವಾರದ ಸಭೆಯಲ್ಲಿ ತಾಯಿಯದೇ ಮೊದಲ ಸಹಿ ಎಂದು ಸಾರಿದ್ದರು.

"ಅವನೇ ಮಾಡಿದ್ರೆ ಎರಡೂ ಕೈಲಿ ಸಹಿ ಹಾಕ್ತೀನಮ್ಮ. ಮಾಡಿಲ್ಲದೇ ಇದ್ರೆ?" ಎಂದಳು ಆ ತಾಯಿ. "ಅವನ ಅಂಗಡಿಗೆ ದಿನಾ ಕಲ್ಲು ಬೀಳುತ್ತೆ. ನಾನು ಸಹಿ ಹಾಕಿದ ದಿನ ಅವನ ಮೇಲೇ ಬೀಳುತ್ತೆ. ಎಲ್ರೂ ಇನ್ಸ್‌ಪೆಕ್ಟರ್ ಬಗ್ಗೆ ಮಾತಾಡ್ತಾರೆ. ನನ್ನ ಗುಬ್ಬಿ ಬಗ್ಗೆ ಯಾರೂ ಒಂದು ಮಾತೂ ಕೇಳಲ್ಲ."

"ನಾನು ಕೇಳ್ತೀನಿ, ಹೇಳಿ" ಎಂದರು ಅತ್ತಿಗೆ.

ನಮ್ಮ ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಸರ್ಕಾರಿ ವಕೀಲರಾಗಿ ನಿವೃತ್ತರಾದವರು. ಅಣ್ಣ ಹೋದ ಮೇಲೆ ಮಹಡಿಯಲ್ಲಿ ಅವರು, ಕೆಳಗೆ ನಾವು. ಕಳೆದುಹೋದ ಬೆಕ್ಕಿನಿಂದ ಹಿಡಿದು ಕಳವಾದ ಒಡವೆಯವರೆಗೆ ನಮ್ಮ ಬೀದಿಯ ದೂರೆಲ್ಲ ಮೊದಲು ಹತ್ತುವುದು ಅವರ ಮೆಟ್ಟಿಲನ್ನೇ. ಅವರ ಬುದ್ಧಿಗೆ ನಾನು ಯಾವತ್ತೋ ಮಾರುಹೋದವನು. ಹಾಗೆಂದು ಎದುರಿಗೆ ಹೇಳಿದರೆ, "ಬೆಣ್ಣೆ ಸಾಕು, ಹೋಗಿ ಕಾಫಿ ತಾ" ಎನ್ನುತ್ತಾರೆ.

ತಾಯಿ ಹೇಳತೊಡಗಿದಳು. ಗುಬ್ಬಿಗೆ ಹಾಲಿನ ಕೆನೆ ಕಂಡರೆ ಆಗುತ್ತಿರಲಿಲ್ಲ. ಮಲಗುವಾಗ ಅಮ್ಮನ ಕಿವಿ ಹಿಡಿದುಕೊಳ್ಳಬೇಕಿತ್ತು. ಆ ಕೊನೆಯ ದಿನ ಮಧ್ಯಾಹ್ನ ಊಟಕ್ಕೆ ಬಂದಾಗ, ಕಣ್ಣಿಗೆ ಬೀಳುತ್ತಿದ್ದ ಮುಂಗೂದಲನ್ನು ತಾಯಿ ತಾನೇ ಕತ್ತರಿಸಿದ್ದಳು. ಮಗು ಕಿಸಕ್ಕೆಂದು ನಕ್ಕಿತು, ಕತ್ತರಿ ಜಾರಿತು, ಎಡಗಡೆ ಒಂದು ಬೆರಳಿನಷ್ಟು ಮೇಲಕ್ಕೆ ಹೋಯಿತು.

"ಎಲ್ಲಾರೂ ನಗ್ತಾರೆ ಅಂತ ಅಳೋಕೆ ಶುರು ಮಾಡಿದ್ಲು. ಸಿನಿಮಾ ಹೀರೋಯಿನ್ ಥರ ಇದೀಯ, ಒಂದು ಫೋಟೋ ತೆಗೆಸೋಣ ಅಂದೆ. ನಗ್ತಾ ನಗ್ತಾ ಶಾಲೆಗೆ ಓಡಿದ್ಲು. ಅದೇ ಕೊನೆ."

ಅತ್ತಿಗೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಅದು ಅವರ ಯೋಚನೆಯ ಗುರುತು. "ಗೋಡೆ ಮೇಲಿರೋ ಫೋಟೋ ನೀವು ಕೊಟ್ಟಿದ್ದಾ?"

"ಇಲ್ಲಮ್ಮ. ಆಲ್ಬಮ್ ತೆಗೆಯೋಕೆ ನನ್ನ ಕೈಲಾಗ್ಲಿಲ್ಲ. ಸ್ಟುಡಿಯೋದವರೇ ತಮ್ಮ ಹತ್ರ ಇದ್ದದ್ದು ಹಾಕಿದ್ರು. ನಾನು ಇವತ್ತಿಗೂ ಅದನ್ನ ನೋಡಿಲ್ಲ. ರಸ್ತೇಲಿ ತಲೆ ತಗ್ಗಿಸಿಕೊಂಡೇ ಓಡಾಡ್ತೀನಿ."

"ನೋಡೋದು ಬೇಡ. ಸಹಿಯನ್ನೂ ಹಾಕ್ಬೇಡಿ. ಸಭೆಗೆ ಮಾತ್ರ ಬನ್ನಿ" ಎಂದು ಅತ್ತಿಗೆ ಆಕೆಯನ್ನು ಬಾಗಿಲವರೆಗೆ ಕಳಿಸಿಬಂದರು.

ಆಮೇಲೆ ನನ್ನ ಕಾಲಿಗೆ ಬಿಡುವಿಲ್ಲ. ಅತ್ತಿಗೆಯ ಜೊತೆ ಮೊದಲು ಪೊಲೀಸ್ ಠಾಣೆ. ಇನ್ಸ್‌ಪೆಕ್ಟರ್ ಸೊರಗಿಹೋಗಿದ್ದರು. ಹಿತ್ತಲಿಗೆ ಜನ ನುಗ್ಗುವುದನ್ನು ತಡೆಯದೆ ಹೆಜ್ಜೆ ಗುರುತುಗಳನ್ನೆಲ್ಲ ಕಳೆದುಕೊಂಡದ್ದು ತಮ್ಮದೇ ತಪ್ಪೆಂದು ಯಾರೂ ಕೇಳುವ ಮೊದಲೇ ಒಪ್ಪಿಕೊಂಡರು. ಆದರೆ ಗೊಂಬೆ ರಿಪೇರಿಯವನ ವಿಷಯ ಬಂದಾಗ ಅವರ ದನಿ ಗಟ್ಟಿಯಾಯಿತು. "ಕೇಸು ಮುಗಿಸು ಅಂತ ಮೇಲಿಂದ ಒತ್ತಡ ಇತ್ತು ಮೇಡಂ. ಒಂದು ಚೀಲ ನಂಬ್ಕೊಂಡು ಒಬ್ಬ ಮನುಷ್ಯನ್ನ ಗಲ್ಲಿಗೆ ಕಳಿಸೋಕೆ ನನಗೆ ಮನಸ್ಸು ಬರ್ಲಿಲ್ಲ."

ಆ ಮಾತಿಗೆ ಅತ್ತಿಗೆ ತಲೆದೂಗಿದರು. ತೊಟ್ಟಿಯಲ್ಲಿ ಸಿಕ್ಕಾಗ ಮಗುವಿನ ಕೂದಲು ಹೇಗಿತ್ತೆಂದು ಕೇಳಿದರು. ಗಿಡ್ಡಗೆ, ಒಂದು ಕಡೆ ಸೊಟ್ಟಗಿತ್ತು ಎಂದರು ಇನ್ಸ್‌ಪೆಕ್ಟರ್. ಅದು ಯಾವಾಗಲೂ ಹಾಗೇ ಇತ್ತೆಂದು ಅವರು ಭಾವಿಸಿದ್ದರು.

ಅಲ್ಲಿಂದ ಮಾರುಕಟ್ಟೆ ರಸ್ತೆ. ಗೊಂಬೆ ರಿಪೇರಿಯವನ ಅಂಗಡಿಯ ಗಾಜು ಒಡೆದಿತ್ತು, ಅದರ ಜಾಗಕ್ಕೆ ರಟ್ಟು ಬಡಿದಿದ್ದ. ಒಳಗೆ ಕೈಯಿಲ್ಲದ, ಕಣ್ಣಿಲ್ಲದ ಗೊಂಬೆಗಳು ಸಾಲಾಗಿ ಕೂತಿದ್ದವು. ತೆಗೆದುಕೊಂಡು ಹೋಗಲು ಯಾರೂ ಬಂದಿರಲಿಲ್ಲ. ಅವನ ಹಿತ್ತಲಿಗೂ ಪಕ್ಕದ ಸ್ಟುಡಿಯೋದ ಹಿತ್ತಲಿಗೂ ನಡುವೆ ಎದೆಯೆತ್ತರದ ಗೋಡೆ. ಅತ್ತಿಗೆ ಅದರಾಚೆ ಇಣುಕಿ ನೋಡಿ, ಸ್ಟುಡಿಯೋದ ಕಡೆ ನಡೆದರು.

ಸ್ಟುಡಿಯೋದವರು ನಮ್ಮನ್ನು ಆದರದಿಂದಲೇ ಕೂರಿಸಿದರು. ನನಗೆ ಅವರ ಪರಿಚಯ ಮೊದಲೇ ಇತ್ತು. ಹಿಂದೊಮ್ಮೆ ಗುರುತಿನ ಚೀಟಿಗೆಂದು ಫೋಟೋ ತೆಗೆಸಿಕೊಂಡಾಗ ನನ್ನ ಕೆನ್ನೆಯ ದೊಡ್ಡ ಮಚ್ಚೆಯನ್ನು ಬಣ್ಣ ಹಚ್ಚಿ ಮಾಯ ಮಾಡಿದ್ದರು. ಕಚೇರಿಯವರು ಇದು ನೀವಲ್ಲ ಎಂದು ನನ್ನನ್ನು ವಾಪಸ್ಸು ಕಳಿಸಿದರು. ನನ್ನ ಹೆಂಡತಿ ಮಾತ್ರ ಫೋಟೋ ಇಟ್ಟುಕೊಂಡು ಮನುಷ್ಯನನ್ನು ವಾಪಸ್ಸು ಕೊಡೋಣ ಎಂದಿದ್ದಳು. ಈ ಕತೆಯನ್ನು ನಾನು ಹೇಳಿದಾಗ ಸ್ಟುಡಿಯೋದವರು ಜೋರಾಗಿ ನಕ್ಕರು. ಕೊರತೆಯಿರುವ ಮುಖ ತಮ್ಮ ಬಾಗಿಲು ದಾಟುವುದಿಲ್ಲ, ಅದು ತಮ್ಮ ತಂದೆ ಕಲಿಸಿದ ಕೆಲಸ ಎಂದರು.

ಅತ್ತಿಗೆ ಪೋಸ್ಟರಿನ ಫೋಟೋವನ್ನು ಹೊಗಳಿದರು. ಅದು ಶಾಲೆಯಲ್ಲಿ ತರಗತಿಯ ಗುಂಪು ಫೋಟೋ ತೆಗೆದ ದಿನವೇ ತೆಗೆದದ್ದು, ತಾವು ತೆಗೆದ ಮಕ್ಕಳ ಫೋಟೋಗಳಲ್ಲಿ ಅದಕ್ಕೆ ಸಮನಾದದ್ದಿಲ್ಲ ಎಂದರು ಸ್ಟುಡಿಯೋದವರು. ಮಗು ಕಾಣೆಯಾದ ದಿನ ತಾವು ಪಕ್ಕದ ಊರಿಗೆ ಹೋಗಿದ್ದನ್ನು ನೆನೆದು ನಿಟ್ಟುಸಿರಿಟ್ಟರು. "ನಾನು ಅಂಗಡೀಲಿ ಇದ್ದಿದ್ರೆ ಆ ಮಗು ಉಳೀತಿತ್ತು" ಎಂದರು. ಪ್ರತಿ ಭಾಷಣದಲ್ಲೂ ಅವರು ಇದೇ ಮಾತು ಹೇಳಿ ಜನರನ್ನು ಅಳಿಸುತ್ತಿದ್ದರು.

ಕೊನೆಗೆ ಶಾಲೆ. ಪಡಸಾಲೆಯಲ್ಲಿ ತೂಗುಹಾಕಿದ್ದ ಗುಂಪು ಫೋಟೋದಲ್ಲಿ ಗುಬ್ಬಿಯನ್ನು ಹುಡುಕಿ ಅತ್ತಿಗೆ ಬಹಳ ಹೊತ್ತು ನೋಡಿದರು. ಹೊರಗೆ ಬಂದು ಗೇಟಿನ ಪಕ್ಕದ ಪೋಸ್ಟರನ್ನೂ ಭೂತಗನ್ನಡಿ ಹಿಡಿದು ನೋಡಿದರು.

"ಏನಾದ್ರೂ ಕಾಣಿಸ್ತಾ ಅತ್ತಿಗೆ?" ಎಂದೆ.

"ಕಾಣ್ಬೇಕಾದದ್ದು ಕಾಣ್ತಾ ಇಲ್ಲ ಕಣಪ್ಪ. ನೀನೂ ನೋಡು" ಎಂದು ಭೂತಗನ್ನಡಿ ಕೊಟ್ಟರು. ನಾನು ನೋಡಿದೆ. ಮುದ್ದಾದ ಮಗು ಕಂಡಿತು, ಅಷ್ಟೇ.

ಭಾನುವಾರ ಸಂಜೆ ಶಾಲೆಯ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ವೇದಿಕೆಯ ಮೇಲೆ ದೊಡ್ಡದು ಮಾಡಿದ ಪೋಸ್ಟರ್. ತಾಯಿ ಅದಕ್ಕೆ ಬೆನ್ನು ಮಾಡಿ ಕೂತಿದ್ದಳು. ಗೊಂಬೆ ರಿಪೇರಿಯವನನ್ನು ಅತ್ತಿಗೆಯೇ ಕರೆತಂದು ನನ್ನ ಪಕ್ಕ ಕೂರಿಸಿದ್ದರು. ಅವನು ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದ. ಇನ್ಸ್‌ಪೆಕ್ಟರ್ ಮಾತ್ರ ಇನ್ನೂ ಬಂದಿರಲಿಲ್ಲ. ಹೆದರಿ ಅಡಗಿದ್ದಾನೆ ಎಂದು ಯಾರೋ ಕೂಗಿದರು.

ಅಧ್ಯಕ್ಷರು ಭಾಷಣ ಮುಗಿಸಿ ತಾಯಿಯ ಕೈಗೆ ಪೆನ್ನು ಕೊಟ್ಟರು. ಆಕೆ ಅದನ್ನು ಮೇಜಿನ ಮೇಲಿಟ್ಟಳು. ಆಗ ಅತ್ತಿಗೆ ಎದ್ದರು.

"ಸಹಿಗೆ ಮುಂಚೆ ಒಂದು ಮಾತು. ಒಂದು ವರ್ಷದಿಂದ ಇಡೀ ಊರು ಪೊಲೀಸರನ್ನ ನೋಡ್ತಾ ಇದೆ. ಈ ಮಗೂನ ಸರಿಯಾಗಿ ನೋಡಿದವರು ಯಾರಿದ್ದೀರಿ?"

ಅತ್ತಿಗೆ ಕೋರ್ಟಿನಲ್ಲಿ ಮಾತಾಡುವಂತೆ ಮೆಲ್ಲಗೆ, ಒಂದೊಂದಾಗಿ ಬಿಡಿಸಿಟ್ಟರು. ಮಗುವಿನ ಕೂದಲು ಕತ್ತರಿಸಿದ್ದು ಸತ್ತ ದಿನದ ಮಧ್ಯಾಹ್ನ. ಅದಕ್ಕೆ ಮೊದಲು ಕೂದಲು ಹುಬ್ಬು ಮುಚ್ಚುತ್ತಿತ್ತು, ಅದಕ್ಕೆ ಪಡಸಾಲೆಯ ಗುಂಪು ಫೋಟೋ ಸಾಕ್ಷಿ. ಪೋಸ್ಟರಿನ ಫೋಟೋವೂ ಅದೇ ದಿನದ್ದು ಎಂದು ಅಧ್ಯಕ್ಷರು ಹೇಳುತ್ತಾರೆ. ಆದರೆ ಇದರಲ್ಲಿ ಕೂದಲು ಗಿಡ್ಡ.

ಅಧ್ಯಕ್ಷರು ಮುಗುಳ್ನಕ್ಕರು. "ವಕೀಲಮ್ಮ, ಚೆನ್ನಾಗಿ ಕಾಣ್ಲಿ ಅಂತ ನಾನೇ ಬ್ರಷ್ಷಲ್ಲಿ ಗಿಡ್ಡ ಮಾಡಿದೆ. ನನ್ನ ಕೆಲಸವೇ ಅದು."

"ಬ್ರಷ್ ಆಡಿಸಿದ್ದು ನಿಜ. ಆದ್ರೆ ಗಿಡ್ಡ ಮಾಡ್ಲಿಲ್ಲ, ಉದ್ದ ಮಾಡಿದ್ರಿ." ಅತ್ತಿಗೆ ಪೋಸ್ಟರಿನ ಹತ್ತಿರ ಹೋದರು. "ಬಲಗಡೆ ಕೂದಲ ಕೆಳಗೆ ಹಣೆ ಮೇಲೆ ನೆರಳು ಬಿದ್ದಿದೆ, ನೋಡಿ. ಎಡಗಡೆ ಕೂದಲಿಗೆ ನೆರಳೇ ಇಲ್ಲ. ಅಲ್ಲಿ ಇರೋದು ಕೂದಲಲ್ಲ, ಬಣ್ಣ. ಎಡಗಡೆ ಕೂದಲು ಮೇಲಕ್ಕೆ ಹೋಗಿತ್ತು, ಅದನ್ನ ತುಂಬಿ ನೇರ ಮಾಡಿದ್ರಿ. ನಿಮ್ಮ ಕಣ್ಣಿಗೆ ಅದೊಂದು ಕೊರತೆ. ಅವತ್ತೇ ಕತ್ತರಿ ಜಾರಿದ್ದು ಅನ್ನೋದು ನಿಮಗೆ ಗೊತ್ತಿರ್ಲಿಲ್ಲ. ಸಮವಸ್ತ್ರದಲ್ಲಿ ಎಲ್ಲ ದಿನವೂ ಒಂದೇ ಥರ ಕಾಣುತ್ತೆ ಅಂದ್ಕೊಂಡ್ರಿ. ಶಾಲೆ ಬಿಟ್ಟ ಮೇಲೆ ಮಗು ಫೋಟೋ ತೆಗೆಸೋಕೆ ನೇರ ನಿಮ್ಮ ಹತ್ರ ಬಂತು. ಊರಲ್ಲೇ ಇರಲಿಲ್ಲ ಅಂತೀರಲ್ಲ, ಹಾಗಾದ್ರೆ ಈ ಫೋಟೋ ತೆಗೆದವರು ಯಾರು?"

ಅಧ್ಯಕ್ಷರ ಮುಖದ ಬಣ್ಣ ಇಳಿಯಿತು. ಅದೆಲ್ಲ ಊಹೆ ಎಂದು ಗೊಣಗಿದರು. ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆದು ಇನ್ಸ್‌ಪೆಕ್ಟರ್ ಬಂದರು. ಅತ್ತಿಗೆಯ ಸಲಹೆಯಂತೆ ನ್ಯಾಯಾಧೀಶರ ಅನುಮತಿ ಪಡೆದು, ಭಾಷಣ ನಡೆಯುತ್ತಿರುವಾಗಲೇ ಅವರು ಸ್ಟುಡಿಯೋ ಶೋಧಿಸಿದ್ದರು. ಕತ್ತಲೆ ಕೋಣೆಯಲ್ಲಿ ಸರ್ಕಾರದ ನಕಲಿ ಮೊಹರುಗಳು, ಯಾರ್ಯಾರದೋ ಮುಖ ಅಂಟಿಸಿದ ಸುಳ್ಳು ಗುರುತಿನ ಚೀಟಿಗಳು ಸಿಕ್ಕಿದ್ದವು. ಬೀರುವಿನಲ್ಲಿ ಬಟ್ಟೆ ಸುತ್ತಿ ಜೋಪಾನವಾಗಿಟ್ಟ ಒಂದು ನೆಗೆಟಿವ್ ಸಿಕ್ಕಿತ್ತು. ಅದರಲ್ಲಿ ಕೂದಲು ಸೊಟ್ಟಗಿತ್ತು.

"ಸುಟ್ಟುಹಾಕ್ಬೇಕು ಅಂದ್ಕೊಂಡೆ" ಎಂದ ಸ್ಟುಡಿಯೋದವ, ಕುರ್ಚಿಯಲ್ಲಿ ಕುಸಿದು. "ಅಂಥ ನಗು ಮತ್ತೆ ಸಿಗಲ್ಲ. ಮನಸ್ಸು ಬರ್ಲಿಲ್ಲ."

ಮಗುವನ್ನು ಕೊಲ್ಲಲು ಮನಸ್ಸು ಬಂದವನಿಗೆ ಅದರ ಫೋಟೋ ಸುಡಲು ಮನಸ್ಸು ಬರಲಿಲ್ಲ. ಅದನ್ನು ಕೇಳಿ ನನ್ನ ಮೈ ಉರಿದುಹೋಯಿತು. ಫೋಟೋ ತೆಗೆಸಿಕೊಂಡ ಮೇಲೆ ಗುಬ್ಬಿ ಅವನ ಹಿಂದೆಯೇ ಒಳಕೋಣೆಗೆ ಹೋಗಿ, ಮೊಹರು ನೋಡಿ, ನನ್ನ ಕೈಗೂ ಒಂದು ಒತ್ತಿ ಎಂದಿದ್ದಳಂತೆ. ಹೊರಗೆ ಹೋಗಿ ಆ ಮೊಹರಿನ ವಿಷಯ ಊರಿಗೆಲ್ಲ ಹೇಳುತ್ತಾಳೆಂಬ ಭಯಕ್ಕೆ ಅವನು ಬಾಯಿ ಒತ್ತಿ ಹಿಡಿದಿದ್ದ. ಚೀಲವನ್ನು ಪಕ್ಕದ ಹಿತ್ತಲಿಗೆ ಎಸೆದ. ಅನುಮಾನ ತನ್ನ ಕಡೆ ತಿರುಗದಿರಲೆಂದು ಪೊಲೀಸರ ಮೇಲೆ ಎಲ್ಲರಿಗಿಂತ ಜೋರಾಗಿ ಕೂಗಿದ.

ಅವನನ್ನು ಕರೆದೊಯ್ದ ಮೇಲೆ ಯಾರೋ ಇನ್ಸ್‌ಪೆಕ್ಟರಿಗೆ ಜೈಕಾರ ಹಾಕಲು ಹೊರಟರು. ಅತ್ತಿಗೆ ಕೈಯೆತ್ತಿ ತಡೆದರು. "ಇವರು ತಪ್ಪು ಮಾಡಿದ್ದಾರೆ, ಒಪ್ಕೊಂಡಿದ್ದಾರೆ. ಕಲ್ಲು ಹೊಡೆದವರು ಇಲ್ಲಿ ಕೂತಿದ್ದೀರಿ. ನಿಮ್ಮ ಸರದಿ." ಆಮೇಲೆ ಒಬ್ಬ ಮುದುಕ ಎದ್ದುಬಂದು ಗೊಂಬೆ ರಿಪೇರಿಯವನ ಕೈ ಹಿಡಿದುಕೊಂಡ. ಅವನ ಹಿಂದೆ ಒಬ್ಬ ಹೆಂಗಸು ಬಂದಳು. ಗೊಂಬೆ ರಿಪೇರಿಯವನು ಬಾಗಿಲ ಕಡೆ ನೋಡುವುದನ್ನು ಆಗ ಬಿಟ್ಟ.

ನಾನು ಅತ್ತಿಗೆಯನ್ನು ನೋಡಿದೆ. ಹೆಮ್ಮೆಯಿಂದ ನನ್ನ ಕಣ್ಣು ತುಂಬಿತ್ತು. ಅವರು ನನ್ನ ಕಡೆ ತಿರುಗಲೇ ಇಲ್ಲ, ತಾಯಿಯ ಪಕ್ಕ ಹೋಗಿ ಕೂತಿದ್ದರು.

"ಫೋಟೋ ತೆಗೆಸೋಣ ಅಂತ ನಾನೇ ಅಂದೆನಲ್ಲಮ್ಮ" ಎಂದಳು ಆಕೆ.

"ಅಳ್ತಾ ಇದ್ದ ಮಗೂನ ನಗಿಸಿ ಕಳಿಸಿದ್ರಿ. ನೀವು ಮಾಡಿದ್ದು ಅಷ್ಟೇ" ಎಂದರು ಅತ್ತಿಗೆ.

ಕೆಲವು ದಿನಗಳ ನಂತರ ಇನ್ಸ್‌ಪೆಕ್ಟರ್ ಆ ನೆಗೆಟಿವಿನಿಂದ ಬಣ್ಣ ಹಚ್ಚದ ಒಂದು ಪ್ರತಿ ಮಾಡಿಸಿ ತಂದುಕೊಟ್ಟರು. ನಾನೂ ಅತ್ತಿಗೆಯೂ ಅದನ್ನು ಆ ತಾಯಿಯ ಮನೆಗೆ ತೆಗೆದುಕೊಂಡು ಹೋದೆವು. ಆಕೆ ಬಹಳ ಹೊತ್ತು ಲಕೋಟೆಯನ್ನು ಮಡಿಲಲ್ಲಿಟ್ಟುಕೊಂಡಿದ್ದು, ಕೊನೆಗೆ ತೆರೆದಳು. ಎಡಗಡೆ ಮೇಲಕ್ಕೆ ಹೋದ ಕೂದಲಿನ ಮೇಲೆ ಬೆರಳಾಡಿಸಿದಳು.

"ನೋಡಿ, ಎಷ್ಟು ಸೊಟ್ಟ ಕತ್ತರಿಸಿದ್ದೀನಿ" ಎಂದು ನಕ್ಕಳು. ಒಂದು ವರ್ಷದಲ್ಲಿ ಆಕೆ ನಕ್ಕಿದ್ದು ಅದೇ ಮೊದಲಂತೆ. ನಗು ಅಳುವಾಗಿ ತಿರುಗಿದಾಗ ಅತ್ತಿಗೆ ಆಕೆಯ ಬೆನ್ನು ಸವರುತ್ತಾ ಕೂತರು. ಸಂಜೆಯವರೆಗೆ ಆಕೆ ಗುಬ್ಬಿಯ ಬಗ್ಗೆ ಹೇಳುತ್ತಲೇ ಇದ್ದಳು, ನಾವು ಕೇಳುತ್ತಲೇ ಇದ್ದೆವು.